ಬಾಣಂತಿ ಬುಟ್ಟಿಯ ಮೇಲೆ ಡೇರೆ

ಮನೆ ಇಲ್ಲದವರು ಡೇರೆಯಲ್ಲಿ ಇರುತ್ತಾರೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಮಾತು. ಮನೆ ಇದ್ದವರು, ಮನೆಯಲ್ಲಿ ಹಾಸಿಗೆ, ದಿಂಬು, ನೀರಿನ ನಲ್ಲಿ ಎಲ್ಲ ಇದ್ದವರು, ಅದನ್ನೆಲ್ಲ ಬಿಟ್ಟು ಗುಡ್ಡಕ್ಕೆ ಹೋಗಿ ಬಟ್ಟೆಯ ಕೆಳಗೆ ಮಲಗುತ್ತಾರೆ, ಸೊಳ್ಳೆಯಿಂದ ಕಚ್ಚಿಸಿಕೊಂಡು ಬಂದು ಮಜಾ ಬಂತು ಅನ್ನುತ್ತಾರೆ ಎಂಬುದು ನನಗೆ ತಿಳಿದದ್ದು ಮಗಳು ಕಾಲೇಜಿಗೆ ಹೋದ ಮೇಲೆ. ಓದಿದವರಿಗೆ ಏನೇನೋ ಸುಖ ಇರುತ್ತದೆ. ನಾನು ಓದಿದವಳಲ್ಲ, ನನಗೆ ಸುಖ ಅಂದರೆ ಒಣಗಿದ ಹಾಸಿಗೆ.

ಆಗ ನಾವು ಔರಂಗಾಬಾದಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಊರಿಗೆ ಇನ್ನೂ ಛತ್ರಪತಿ ಸಂಭಾಜಿನಗರ ಅಂತ ಹೆಸರು ಬಂದಿರಲಿಲ್ಲ. ನಮ್ಮ ಯಜಮಾನರು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಬೀದರ್ ಕಡೆಯ ಹಳ್ಳಿ ಬಿಟ್ಟು ಮೊದಲು ನಾಶಿಕಕ್ಕೆ ಬಂದವರು, ಅಲ್ಲಿ ಬಹಳ ವರ್ಷ ಇದ್ದು ಆಮೇಲೆ ಬದಲಿಯಾಗಿ ಇಲ್ಲಿಗೆ ಬಂದೆವು. ಒಬ್ಬಳೇ ಮಗಳು. ನಾಶಿಕದಲ್ಲಿ ಹುಟ್ಟಿದವಳು, ಮರಾಠಿ ಶಾಲೆಯಲ್ಲಿ ಕಲಿತವಳು. ನಾನು ಕನ್ನಡದಲ್ಲಿ ಬೈದರೆ ಎಲ್ಲಾ ತಿಳಿಯುತ್ತಿತ್ತು, ತಿರುಗಿ ಬೈಯುವುದು ಮಾತ್ರ ಮರಾಠಿಯಲ್ಲಿ. ನಾಶಿಕದಲ್ಲಿ ಎತ್ತ ನೋಡಿದರೂ ಗುಡ್ಡ. ಆ ಗುಡ್ಡಗಳನ್ನು ನೋಡಿ ನೋಡಿಯೇ ಇವಳ ತಲೆ ಕೆಟ್ಟಿತು ಅಂತ ನಾನು ಈಗಲೂ ಅನ್ನುತ್ತೇನೆ. ಬೀದರಿನ ಬಯಲಿನಲ್ಲಿ ಹುಟ್ಟಿದ್ದರೆ ಹತ್ತುವುದಕ್ಕೆ ಮಾಳಿಗೆಯ ಮೆಟ್ಟಿಲೇ ಸಾಕಾಗುತ್ತಿತ್ತು.

ಅವಳ ಕಾಲೇಜಿನಲ್ಲಿ ಗುಡ್ಡ ಹತ್ತುವ ಹುಡುಗಿಯರದ್ದೊಂದು ಮಂಡಳಿ. ಅದಕ್ಕೊಬ್ಬಳು ಮೇಡಂ. ಪಂಜಾಬಿ ಡ್ರೆಸ್ಸಿನ ಕೆಳಗೆ ಗಂಡಸರ ಬೂಟು ಹಾಕಿಕೊಂಡು ಮೊಪೆಡ್ ಮೇಲೆ ತಿರುಗುವ ಮೇಡಂ. ಶ್ರಾವಣದಲ್ಲಿ ಈಕೆ ಹುಡುಗಿಯರನ್ನು ಕಟ್ಟಿಕೊಂಡು ತ್ರ್ಯಂಬಕೇಶ್ವರದ ಹತ್ತಿರ ಒಂದು ಗುಡ್ಡದ ಬುಡದಲ್ಲಿ ಡೇರೆ ಹಾಕಿದಳು. ಅಲ್ಲಿಯ ಶ್ರಾವಣದ ಮಳೆ ನೋಡಿದವರಿಗೆ ಗೊತ್ತು. ಬೀಳುವ ಮಳೆಯಲ್ಲ ಅದು, ಹೊಯ್ಯುವ ಮಳೆ. ಶ್ರಾವಣ ಸೋಮವಾರ ಜನ ಅಲ್ಲಿಗೆ ಹೋಗುತ್ತಾರೆ, ಇಲ್ಲ ಅನ್ನುವುದಿಲ್ಲ. ದೇವರ ದರ್ಶನ ಮಾಡುತ್ತಾರೆ, ಲಾಡ್ಜಿನಲ್ಲಿ ಮಲಗುತ್ತಾರೆ, ಜೀಪು ಹತ್ತಿ ತಿರುಗಿ ಬರುತ್ತಾರೆ. ಇವರು ದೇವರನ್ನೂ ನೋಡಲಿಲ್ಲ, ಲಾಡ್ಜನ್ನೂ ನೋಡಲಿಲ್ಲ. ಕೆಸರು ನೋಡಿ ಬಂದರು.

ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಬಾಗಿಲ ಮುಂದೆ ರಿಕ್ಷಾ ನಿಂತಿತು. ಮಗಳು ಇಳಿದಳು, ರಿಕ್ಷಾದವನು ಇಳಿದ, ಇಬ್ಬರೂ ಸೇರಿ ಸತ್ತ ಎಮ್ಮೆಯನ್ನು ಎಳೆದ ಹಾಗೆ ಒಂದು ಗಂಟನ್ನು ಎಳೆದು ಮೆಟ್ಟಿಲ ಮೇಲೆ ಹಾಕಿದರು. ಗಂಟಿನಿಂದ ನೀರು ಹರಿದು ಮೋರಿಗೆ ಹೋಯಿತು.

"ಏನವ್ವಾ ಇದು?"

"ಟೆಂಟ್, ಆಯಿ. ಜರಾ ಒದ್ದಿ ಆಗ್ಯದ."

"ಜರಾ? ಇದನ್ನ ಹಿಂಡಿದರ ಓಣಿಗೆಲ್ಲ ನೀರ ಆಗ್ತದ."

ಹಗ್ಗ ಬಿಚ್ಚಿದೆ. ದಪ್ಪ ಕ್ಯಾನ್ವಾಸು, ಹಸಿರು ಬಣ್ಣ, ಹತ್ತು ಹುಡುಗಿಯರು ಕಾಲು ಚಾಚಿ ಮಲಗುವಷ್ಟು ದೊಡ್ಡದು. ಕೆಸರು, ಸೆಗಣಿ, ಸೀಮೆ ಎಣ್ಣೆ ಎಲ್ಲಾ ಸೇರಿದ ವಾಸನೆ. ಎರಡನೆಯ ಮಡಿಕೆ ತೆಗೆದಾಗ ಒಳಗಿಂದ ಒಂದು ಕಪ್ಪೆ ಹಾರಿ ಮನೆಯ ಮಾಲಕಿಯ ತುಳಸಿ ಕಟ್ಟೆಯ ಸಂದಿಯಲ್ಲಿ ಹೊಕ್ಕಿತು. ತ್ರ್ಯಂಬಕದಿಂದ ನಾಶಿಕ, ನಾಶಿಕದಿಂದ ಮನ್ಮಾಡ್, ಮನ್ಮಾಡಿನಲ್ಲಿ ಗಾಡಿ ಬದಲಿಸಿ ಔರಂಗಾಬಾದು. ಟಿಕೆಟಿಲ್ಲದೆ ಅಷ್ಟು ದೂರ ಬಂದ ಪ್ರಾಣಿ ಅದೊಂದೇ ಇರಬೇಕು. ಅದೂ ನಮ್ಮ ಮನೆಗೇ ಬರಬೇಕೆ?

"ನಿಮ್ಮ ಕಾಲೇಜಿನವರಿಗೆ ಜಾಗಾ ಇಲ್ಲೇನು ಇದನ್ನ ಇಟ್ಕೊಳ್ಳಾಕ?"

ಇಲ್ಲವಂತೆ. ಸಾಮಾನು ಇಡುವ ಕೋಣೆ ಸೋರುತ್ತದಂತೆ. ಹಾಗಾಗಿ ಪಾತ್ರೆ ಒಬ್ಬಳ ಮನೆಗೆ, ಹಗ್ಗ ಒಬ್ಬಳ ಮನೆಗೆ ಹಂಚಿದ್ದರು. ಡೇರೆಯ ಜವಾಬ್ದಾರಿ ಮೊದಲಿನಿಂದ ನಮ್ಮವಳದು, ಮಾಳಿಗೆ ಇದ್ದ ಮನೆಯೂ ನಮ್ಮದೇ, ಅದಕ್ಕೇ ಇಲ್ಲಿಗೆ. ಇಷ್ಟೇ ಆಗಿದ್ದರೆ ನಾನು ಅದನ್ನು ಕಪ್ಪೆಯ ಸಮೇತ ತಿರುಗಿ ಕಳಿಸುತ್ತಿದ್ದೆ. ಆದರೆ ಮಾತು ಅಷ್ಟೇ ಇರಲಿಲ್ಲ. ಚಳಿಗಾಲದಲ್ಲಿ ಹಿಮಾಲಯದಲ್ಲಿ ಗುಡ್ಡ ಹತ್ತುವ ಶಿಕ್ಷಣ ಕೊಡುತ್ತಾರೆ, ಈ ಕಾಲೇಜಿನಿಂದ ಒಬ್ಬಳೇ ಹುಡುಗಿಗೆ ಜಾಗ. ಇಬ್ಬರು ಯೋಗ್ಯರಿದ್ದರು: ಒಬ್ಬಳು ನಮ್ಮವಳು, ಇನ್ನೊಬ್ಬಳು ಯಾರೋ. ಬರುವ ರವಿವಾರ ಮೇಡಂ ನಮ್ಮ ಮನೆಗೇ ಬಂದು ಡೇರೆ ನೋಡುವವಳಿದ್ದಳು. ಒಂದು ಕರಿ ಚುಕ್ಕೆ ಬೂಷ್ಟು ಕಂಡರೂ ಆ ಇನ್ನೊಬ್ಬಳೇ ಹೋಗುವುದು. ಡೇರೆ ಕಾಯಲಾರದವಳ ಕೈಯಲ್ಲಿ ಇನ್ನೊಬ್ಬರ ಜೀವದ ಹಗ್ಗ ಹೇಗೆ ಕೊಡಲಿ ಅಂತ ಮೇಡಂ ಕೇಳಿದಳಂತೆ.

"ಹೋಗದಿದ್ದರ ಏನ್ ಗಂಟು ಹೋಗ್ತದ ನಿಂದು?" ಅಂದೆ.

"ಮಾಝಂ ಸಗಳಂ ಜಾಈಲ," ಅಂದಳು. ನನ್ನದೆಲ್ಲಾ ಹೋಗುತ್ತದೆ ಅಂತ. ಅತ್ತು ಹೇಳಲಿಲ್ಲ, ಜಗಳವಾಡಿ ಹೇಳಲಿಲ್ಲ. ಒಲೆಯ ಮೇಲೆ ಹಾಲು ಇದೆ ಅಂದ ಹಾಗೆ ಹೇಳಿದಳು. ಹೇಳಿ ಒಳಗೆ ಹೋಗಿ ಮಲಗಿದವಳಿಗೆ ಸಂಜೆಗೆ ಜ್ವರ ಏರಿತು. ಮಳೆಯಲ್ಲಿ ನೆನೆದ ಮಜಾ ಅದು. ಹಾಸಿಗೆ ಹಿಡಿದಳು. ಡೇರೆ ನನ್ನ ತಲೆಗೆ ಬಂತು.

ಯಜಮಾನರು ಕಚೇರಿಯಿಂದ ಬಂದು, ಧೋತರ ಎತ್ತಿಕೊಂಡು ಅಂಗಳದ ಕೆಸರು ದಾಟಿ, ಡೇರೆಯನ್ನೊಮ್ಮೆ ನೋಡಿದರು. ಮಗಳು ಮಲಗಿದಲ್ಲಿಂದಲೇ ಅವರಿಗೂ ರವಿವಾರದ ಸುದ್ದಿ ಹೇಳಿದಳು. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಹತ್ತಿರ ಬಂದು, "ಇರಲಿ ಬಿಡು ಈಗ. ಮಡಚಿ ಮೂಲ್ಯಾಗ ಇಡು. ಸಾವಕಾಶ ನೋಡೋಣ," ಅಂದರು.

ಒದ್ದೆ ಬಟ್ಟೆಯನ್ನು ಮಡಚಿ ಮೂಲೆಯಲ್ಲಿ ಇಟ್ಟರೆ ಏನಾಗುತ್ತದೆ ಅಂತ ಕೂಸಿಗೂ ಗೊತ್ತು. ಗಂಡಸರಿಗೆ ಗೊತ್ತಿಲ್ಲ ಅಂತ ಆ ದಿನ ಅಂದುಕೊಂಡೆ. ಅಷ್ಟು ದಡ್ಡಿ ನಾನು.

ಮರುದಿನ ಡೇರೆಯನ್ನು ಬಿಚ್ಚಿ ಅಂಗಳದ ಗೋಡೆಯ ಮೇಲೆ ಹಾಕಿದೆ. ಮಾಲಕಿ ಬಂದಳು. ಮರಾಠಿಯ ಮುದುಕಿ, ಮೇಲಿನ ಅಂತಸ್ತಿನಲ್ಲಿ ಇರುವವಳು. ಸೋಡಾ ಹಾಕಿ ಕುದಿಯುವ ನೀರಿನಲ್ಲಿ ತೊಳೆದುಬಿಡು, ಸೆಗಣಿ ಎಲ್ಲಾ ಹೋಗುತ್ತದೆ ಅಂದಳು. ನನಗೂ ಸರಿ ಅನಿಸಿ ಸೋಡಾ ತರಲು ಒಳಗೆ ಹೋದೆ. ಮಗಳು ಜ್ವರದಲ್ಲಿಯೇ ಎದ್ದು ಕೂತು ಕೂಗಿದಳು.

"ಆಯೀ! ಧುವೂ ನಕೋ! ತೊಳೀಬ್ಯಾಡ! ಅದಕ್ಕ ಮೇಣ ಹಚ್ಚಿರ್ತಾರ. ಮೇಣ ಹೋದ್ರ ಮಳ್ಯಾಗ ಸೋರ್ತದ!"

"ಈಗೇನ್ ಸೋರಿಲ್ಲೇನು?"

"ಈಗ ಕೆಳಗಿಂದ ಬಂತು ನೀರು. ಮ್ಯಾಲಿಂದ ಅಲ್ಲ."

ನೀರು ಹರಿಯುವ ಜಾಗ ನೋಡಿ ಡೇರೆ ಹಾಕುವವರಿಗೆ ಹಿಮಾಲಯ ಬೇರೆ ಬೇಕಂತೆ. ಆದರೂ ಸೋಡಾದ ಡಬ್ಬಿ ಮುಚ್ಚಿಟ್ಟೆ. ತೊಳೆಯಬಾರದ ಬಟ್ಟೆಯನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದ್ದು ಅಂದೇ. ಮಾಲಕಿ ಮಾಳಿಗೆ ಉಪಯೋಗಿಸು ಅಂದಳು, ಆದರೆ ತನ್ನ ತುಳಸಿ ಕಟ್ಟೆಯಿಂದ ಮೊದಲು ಆ ಕಪ್ಪೆಯನ್ನು ತೆಗೆ ಅಂದಳು. ಕಪ್ಪೆ ಸಿಗಲಿಲ್ಲ.

ಔರಂಗಾಬಾದಿನ ಮಳೆ ನಾಶಿಕದ ಹಾಗಲ್ಲ. ಬೇಕಾದಾಗ ಬರುವುದಿಲ್ಲ, ಬೇಡವಾದಾಗ ಬರುತ್ತದೆ. ಆ ವಾರ ಜಿಟಿಜಿಟಿ ಹಿಡಿಯಿತು. ನಡುವೆ ಒಂದು ದಿನ ಇವರಿಗೆ ಸರಕಾರಿ ರಜೆ ಇತ್ತು. ಬೆಳಿಗ್ಗೆ ಬಿಸಿಲು ಬಿತ್ತು. ನಾನೂ ಮಾಲಕಿಯೂ ಸೇರಿ ಡೇರೆಯನ್ನು ಮಾಳಿಗೆಗೆ ಹೊತ್ತೆವು. ಮುದುಕಿಯ ಸೊಂಟ ಉಳುಕಿತು, ಅದನ್ನೂ ಡೇರೆಯ ಲೆಕ್ಕದಲ್ಲೇ ಬರೆಯಬೇಕು. ಹರಡಿ, ನಾಲ್ಕೂ ಕಡೆ ಕಲ್ಲು ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಒಣಗಿತ್ತು. ಮನೆಯಲ್ಲಿ ಇದ್ದಿಲು ಮುಗಿದಿತ್ತು, ತರಲು ಹೋಗಬೇಕು. ಯಜಮಾನರನ್ನು ಮಾಳಿಗೆಯ ಮೇಲೆ ತಗಡಿನ ಛಪ್ಪರದ ಕೆಳಗೆ ಕೂಡಿಸಿ, ಮೋಡ ಬಂದರೆ ಅದನ್ನು ಎಳೆದು ಒಳಗೆ ಹಾಕಿರಿ ಅಂತ ಹೇಳಿ ಹೋದೆ. ಅವರು ಪೇಪರು ಹಿಡಿದು ತಲೆ ಅಲ್ಲಾಡಿಸಿದರು.

ನಾನು ಇದ್ದಿಲ ಅಂಗಡಿಯಲ್ಲಿದ್ದಾಗಲೇ ಮಳೆ ಬಂತು. ಇದ್ದಿಲಿನ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿ ಬಂದೆ. ಮೇಲೆ ಹತ್ತಿ ನೋಡುತ್ತೇನೆ: ಡೇರೆ ಹಾಸಿದಲ್ಲೇ ಇದೆ, ಮೇಲೆ ಕೆರೆ ನಿಂತಿದೆ. ಇವರು ಛಪ್ಪರದ ಕೆಳಗೆ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದಾರೆ.

"ಮಳಿ ಬಂದದ್ದು ಗೊತ್ತಾಗಲಿಲ್ಲ," ಅಂದರು.

"ತಗಡಿನ ಕೆಳಗ ಕುಂತೀರಿ. ತಗಡ ಬಡ್ಕೊಳ್ಳೋದು ಕೇಳಸಲಿಲ್ಲಾ?"

"ಪೇಪರ್ ಓದಾಕತ್ತಿದ್ದೆ."

"ಪೇಪರಿನ್ಯಾಗ ಮಳಿ ಸುದ್ದಿ ಬಂದಿರಲಿಲ್ಲೇನು?"

ಆಗ ಇವರು ಪೇಪರು ಮಡಚಿದರು. ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. ಇವರು ದನಿ ಇಳಿಸಿದರೆ ಏನೋ ಹೊಲಸು ಇದೆ ಅಂತಲೇ ಅರ್ಥ.

"ಅಲ್ಲ, ನೀನೇ ವಿಚಾರ ಮಾಡು. ಹಿಮಾಲಯ ಅಂದ್ರ ಏನ್ ತ್ರ್ಯಂಬಕ ಏನು? ಹೆಣ್ಣ ಹುಡುಗಿ. ದೀಪಾವಳಿ ಆದ ಮ್ಯಾಲ ವರಾ ನೋಡಬೇಕು. ಆ ಡೇರೆ ಕೆಟ್ಟರ ಕೆಡಲಿ. ತಾನೇ ಬಗೀಹರೀತದ. ಸುಮ್ಮನ ನಾವ್ಯಾಕ ಕೆಟ್ಟವ್ರಾಗೋದು?"

ಮಡಚಿ ಮೂಲೆಯಲ್ಲಿ ಇಡು ಅಂದದ್ದರ ಅರ್ಥ ನನಗೆ ಆಗ ತಿಳಿಯಿತು.

"ನಿಮಗ ಬ್ಯಾಡಾಗಿದ್ದರ ಬ್ಯಾಡ ಅನ್ರಿ. ಕೆಳಗ ಮಲಗ್ಯಾಳ. ಹೋಗಿ ಹೇಳಿ ಬರ್ರಿ."

"ಜ್ವರ ಬಂದದ ಅಕೀಗಿ."

"ಕಿವಿಗೇನ್ ಬಂದಿಲ್ಲ."

ಇವರು ಮತ್ತೆ ಪೇಪರು ಬಿಚ್ಚಿದರು.

"ನಿಮ್ಮ ಬಾಯಿ ಮಾಡೋ ಕೆಲಸ ಬೂಷ್ಟಿಗಿ ಹಚ್ಚಬ್ಯಾಡ್ರಿ," ಅಂತ ಹೇಳಿ ನಾನು ಡೇರೆಯ ಮೇಲಿನ ನೀರನ್ನು ಕಸಬರಿಗೆಯಿಂದ ಗುಡಿಸಿದೆ. ಸ್ವಲ್ಪ ಅವರ ಪೇಪರಿನ ಮೇಲೂ ಹೋಯಿತು. ಬೇಕಂತಲೇ.

ಮಗಳು ಹಿಮಾಲಯಕ್ಕೆ ಹೋಗಲಿ ಅಂತ ನನಗೂ ಇರಲಿಲ್ಲ. ಹಿಮದಲ್ಲಿ ಏನಿದೆ? ಹೊಲ ಇದೆಯೇ, ಮನೆ ಇದೆಯೇ? ಹತ್ತಿ ಇಳಿಯುವುದು. ಇಳಿಯುವುದಕ್ಕೆ ಹತ್ತುವುದೇಕೆ? ಅವಳು ಕೇಳಿದ್ದರೆ ನಾನು ಮುಖಕ್ಕೇ ಹೇಳುತ್ತಿದ್ದೆ, ಇದು ಹುಚ್ಚರ ಕೆಲಸ ಅಂತ. ಅವಳು ಕಿರುಚುತ್ತಿದ್ದಳು, ನಾನೂ ಕಿರುಚುತ್ತಿದ್ದೆ, ಒಂದು ತೀರ್ಮಾನ ಆಗುತ್ತಿತ್ತು. ಆದರೆ ಇವರದ್ದು ಬೇರೆ ದಾರಿ. ಬೇಡ ಅನ್ನದೆ ಬೇಡ ಮಾಡುವ ದಾರಿ.

ಆ ದಾರಿ ನನಗೆ ಹೊಸದಲ್ಲ. ನನ್ನ ಶಾಲೆ ಬಿಡಿಸಿದ್ದೂ ಹಾಗೆಯೇ. ನಾಲ್ಕನೇ ಇಯತ್ತೆಗೆ ಹೋಗುತ್ತಿದ್ದೆ. ಯಾರೂ ಶಾಲೆ ಬಿಡು ಅನ್ನಲಿಲ್ಲ. ಮೊದಲು ಎಮ್ಮೆ ಕರು ಹಾಕಿತು, ಒಂದು ವಾರ ಮನೆಯಲ್ಲಿರು ಅಂದರು. ಆಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಆಮೇಲೆ ಬರೆಯುವ ಪಾಟಿ ಒಡೆಯಿತು, ಸಂತೆಯಲ್ಲಿ ತರುತ್ತೇನೆ ಅಂದ ಅಪ್ಪ. ಪ್ರತಿ ಸಂತೆಗೂ ಮರೆತು ಬಂದ. ಬೆಲ್ಲ ಮರೆಯಲಿಲ್ಲ, ತಂಬಾಕು ಮರೆಯಲಿಲ್ಲ. ಜಗಳವಾಡಬೇಕೆಂದರೆ ಯಾರ ಹತ್ತಿರ ಆಡಲಿ? ಎಮ್ಮೆಯ ಹತ್ತಿರವೇ? ಬೇಡ ಅಂದವರ ಮುಖಕ್ಕೆ ಉಗುಳಬಹುದು. ಬೇಡ ಅನ್ನದವರನ್ನು ಏನು ಮಾಡುವುದು? ಅದಕ್ಕೇ ನಾನು ಡೇರೆ ಒಣಗಿಸಿಯೇ ಬಿಡುತ್ತೇನೆ ಅಂತ ಹಟ ಹಿಡಿದೆ. ಒಣಗಿದ ಮೇಲೆ ಬೇಡ ಅನ್ನುವುದಿದ್ದರೆ ಇವರು ಬಾಯಿ ಬಿಟ್ಟು ಅನ್ನಲಿ. ಅಷ್ಟು ಕೆಲಸವನ್ನಾದರೂ ಆ ಬಾಯಿ ಮಾಡಲಿ.

ಬಿಸಿಲನ್ನು ನಂಬುವ ಹಾಗಿಲ್ಲ, ಗಂಡನನ್ನು ನಂಬುವ ಹಾಗಿಲ್ಲ. ಉಳಿದದ್ದು ಬೆಂಕಿ.

ನಮ್ಮ ಕಡೆ ಮಳೆಗಾಲದಲ್ಲಿ ಬಾಣಂತಿಯ ಮನೆಯಲ್ಲಿ ಒಂದು ಪದ್ಧತಿ ಇದೆ. ಸಿಗಡಿ ಒಲೆಯಲ್ಲಿ ಇದ್ದಿಲ ಕೆಂಡ ಮಾಡಿ, ಬೂದಿ ಮುಚ್ಚಿ, ಅದರ ಮೇಲೆ ದೊಡ್ಡ ಬಿದಿರಿನ ಬುಟ್ಟಿಯನ್ನು ಬೋರಲು ಹಾಕುತ್ತಾರೆ. ಬುಟ್ಟಿಯ ಮೇಲೆ ಕೂಸಿನ ಒದ್ದೆ ಬಟ್ಟೆ ಹರಡುತ್ತಾರೆ. ಕೆಂಡಕ್ಕೆ ಒಂದು ಚಿಟಿಕೆ ಲೋಬಾನ, ಒಂದು ಚಿಟಿಕೆ ಓಂಕಾಳು. ಬಟ್ಟೆ ಒಣಗುತ್ತದೆ, ನಾತ ಹೋಗುತ್ತದೆ, ಹುಳ ಬರುವುದಿಲ್ಲ. ಅಂಥ ಬುಟ್ಟಿ ನನ್ನ ಹತ್ತಿರ ಇತ್ತು. ನಾಶಿಕದಲ್ಲಿ ಇದೇ ಮಗಳ ಬಾಣಂತನಕ್ಕೆ ತಂದದ್ದು. ಇವಳು ಹುಟ್ಟಿದ್ದೂ ಮಳೆಗಾಲದಲ್ಲೇ, ಹುಟ್ಟಿದಾಗಿನಿಂದ ಒದ್ದೆ ಮಾಡುವುದೇ ಇವಳ ಕೆಲಸ. ಆಮೇಲೆ ಬುಟ್ಟಿಯಲ್ಲಿ ಉಳ್ಳಾಗಡ್ಡಿ ಇಡುತ್ತಿದ್ದೆ. ಉಳ್ಳಾಗಡ್ಡಿ ಸುರಿದು ಬುಟ್ಟಿ ತೆಗೆದೆ.

ನಡುಮನೆಯ ತೊಲೆಯಲ್ಲಿ ತೊಟ್ಟಿಲ ಕೊಂಡಿ ಇತ್ತು. ಅಲ್ಲಿಂದ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಡೇರೆಯನ್ನು ಮೇಲೆ ಹಾಕಿದೆ. ಒಂದು ತುದಿಯನ್ನು ಮಾತ್ರ ಇಳಿಸಿ ಬುಟ್ಟಿಯ ಮೇಲೆ ಹರಡುವುದು, ಅದು ಒಣಗಿದರೆ ಎಳೆದು ಮುಂದಿನ ಪಾಲು. ಮಗಳು ಮಲಗಿದಲ್ಲಿಂದ ನೋಡಿ ಮತ್ತೆ ಕೂಗಿದಳು.

"ಮೇಣ ಕರಗ್ತದ, ಆಯಿ!"

"ನಿನ್ನ ತೊಡಿ ಸುಡದಂಗ ಬಟ್ಟಿ ಒಣಗಿಸೀನಿ. ನಿನ್ನ ಮೇಣಕ್ಕೇನ್ ನಿನಕಿಂತ ನಾಜೂಕ ತೊಗಲ ಅದ ಏನು? ಬಾಯಿ ಮುಚ್ಚಿ ಮಲಗು."

ಕೈಯ ಹಿಂಭಾಗ ಬುಟ್ಟಿಯ ಮೇಲೆ ಇಟ್ಟು ನೋಡುವುದು. ಚುರ್ರ್ ಅಂದರೆ ಇನ್ನಷ್ಟು ಬೂದಿ ಹಾಕುವುದು. ಕೂಸಿನ ಬಟ್ಟೆಗೂ ಅದೇ ಅಳತೆ, ಡೇರೆಗೂ ಅದೇ. ಆದರೆ ಕೂಸಿನ ಬಟ್ಟೆ ಒಂದು ಗೇಣು, ಇದು ಹೊಲದಷ್ಟು. ಒಂದು ಮೂಲೆ ಒಣಗುವಷ್ಟರಲ್ಲಿ ಒಂದು ಅಡಿಗೆ ಆಗುತ್ತಿತ್ತು. ಒಂದು ಹೊಲಿಗೆಯ ಹತ್ತಿರ ಸಾಸಿವೆಯ ಹಾಗೆ ಕರಿ ಚುಕ್ಕೆ ಕಂಡವು. ನಿಂಬೆಹಣ್ಣಿಗೆ ಉಪ್ಪು ಹಚ್ಚಿ ತಿಕ್ಕಿದೆ. ಹೋದವು. ಹೋಗದೆ ಏನು, ನನ್ನ ಸಿಟ್ಟೆಲ್ಲ ಆ ನಿಂಬೆಹಣ್ಣಿನಲ್ಲಿತ್ತು.

ಮನೆಯೊಳಗೆ ಡೇರೆ, ಡೇರೆಯ ಕೆಳಗೆ ನಾವು. ಇವರು ಊಟಕ್ಕೆ ಬಗ್ಗಿ ಬಂದು ಬಗ್ಗಿ ಕೂತರು. ತಾಟಿನಲ್ಲಿ ಒಂದು ಹನಿ ಕೆಸರು ನೀರು ಬಿತ್ತು.

"ಇದೇನ್ ಮನೀನೋ, ಜಾತ್ರೀನೋ?"

"ಮಗಳ ಗುಡ್ಡಕ್ಕ ಹೋಗೂದ ಬ್ಯಾಡ ಅಂದ್ರಿ. ಗುಡ್ಡನ ಮನೀಗಿ ಬಂತ ನೋಡ್ರಿ. ಉಣ್ರಿ."

"ನಾ ಯಾವಾಗ ಬ್ಯಾಡ ಅಂದೆ?" ಅಂತ ಇವರು ತಟ್ಟನೆ ಮಗಳ ಕಡೆ ನೋಡಿದರು. ಮಗಳೂ ಇವರ ಕಡೆ ನೋಡಿದಳು. ಅವಳು ದಡ್ಡಿಯಲ್ಲ. ಮಾಳಿಗೆಯ ಮೇಲೆ ತಗಡು ಬಡಿದದ್ದು ಅವಳಿಗೂ ಕೇಳಿಸಿತ್ತು.

ಶನಿವಾರ ಬಿಸಿಲು ಬಿತ್ತು, ಒಳ್ಳೆಯ ಬಿಸಿಲು. ಜ್ವರ ಇಳಿದಿತ್ತು, ಮಗಳು ಎದ್ದಳು. ಕಡೆಯ ತೇವ ಹೋಗಬೇಕೆಂದರೆ ನಿಲ್ಲಿಸಿಯೇ ಗಾಳಿಗೆ ಬಿಡಬೇಕು ಅಂತ ಇಬ್ಬರೂ ಸೇರಿ ಡೇರೆಯನ್ನು ಮಾಳಿಗೆಯ ಮೇಲೆ ಕಂಬ ಕೊಟ್ಟು ನಿಲ್ಲಿಸಿದೆವು. ಹಗ್ಗಗಳನ್ನು ಮಾಲಕಿಯ ನೀರಿನ ಟಾಕಿಗೆ ಕಟ್ಟಿದೆವು. ನಿಂತ ಮೇಲೆ ನೋಡಿದರೆ, ನಿಜ ಹೇಳಬೇಕು, ನಮ್ಮ ಬಾಡಿಗೆ ಕೋಣೆಗಿಂತ ಅದೇ ದೊಡ್ಡದಿತ್ತು.

ಒಂದು ತಾಸು ಆಗಿರಬೇಕು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಬೀದರ್ ಕಡೆಯ ವ್ಯಾಪಾರಿಯ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ರೇಷ್ಮೆ ಸೀರೆ ಉಟ್ಟಿದ್ದಳು. ಕೈಯಲ್ಲಿ ತೆಂಗಿನಕಾಯಿ, ಅದರ ಮೇಲೆ ಕುಪ್ಪಸದ ಖಣ.

"ಏನ್ರೀ ಅಕ್ಕಾ, ಮಾಳಿಗಿ ಮ್ಯಾಲ ಮಂಟಪ ಹಾಕೀರಿ. ನಮಗೊಂದ್ ಮಾತ ಹೇಳಬಾರದೇನ್ರಿ? ನಾವೇನ್ ಪರಕೀಯರಾ?"

"ಯಾವ ಮಂಟಪ ಬಿಡ್ರಿ."

"ಮುಚ್ಚಿಡಬ್ಯಾಡ್ರೀ. ರಸ್ತಾದಾಗಿಂದ ಕಾಣ್ತದ. ಹುಡುಗೀದು ನಿಶ್ಚಯ ಏನ್ರಿ?" ಅಂತ ಮೂಗು ಏರಿಸಿ ಮನೆಯ ಗಾಳಿ ಮೂಸಿದಳು. ಲೋಬಾನ, ಓಂಕಾಳು ಎರಡೂ ಗೋಡೆಗೆ ಹಿಡಿದಿದ್ದವು. ಅವಳ ಕಣ್ಣು ನನ್ನ ಹೊಟ್ಟೆಯ ಮೇಲೆ ಬಂತು. ಮೂಲೆಯಲ್ಲಿ ಬೋರಲು ಬಿದ್ದ ಬುಟ್ಟಿಯ ಮೇಲೆ ಹೋಯಿತು. ಮತ್ತೆ ಹೊಟ್ಟೆಗೆ ಬಂತು. "ಇಲ್ಲಾ... ಕೂಸಿನ ಹೆಸರಿಡೋದು ಏನ್ರಿ?"

"ಈ ವಯಸ್ಸಿನ್ಯಾಗ? ನಿಮ್ಮ ಬಾಯಾಗ ಮಣ್ಣ ಬೀಳ್ಲಿ. ಒದ್ದಿ ಡೇರೆ ಒಣಗಸ್ಲಾಕತ್ತೀನ್ರಿ."

"ಡೇರೆ? ಯಾರ್ದು? ಯಾತಕ್ಕ?"

ಹೇಳಲು ಹೋದೆ. ಹುಡುಗಿಯರು ಗುಡ್ಡಕ್ಕೆ ಹೋದರು, ಮಲಗಿದರು, ನೆನೆದರು, ಬಂದರು. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು, ಅಷ್ಟು ಬುದ್ಧಿಯಿಲ್ಲದ ಕತೆ ಅದು. ಅಷ್ಟರಲ್ಲಿ ಯಜಮಾನರು ಒಳಗಿಂದ ಬಂದು ಕುರ್ಚಿ ಹಾಕಿದರು.

"ನಿಶ್ಚಯ ಇನ್ನೂ ಆಗಿಲ್ರಿ. ಆಗಬೇಕಾಗ್ಯದ," ಅಂದರು.

ಅವಳಿಗೆ ಅಷ್ಟೇ ಸಾಕು. ಅವಳ ತಮ್ಮನ ಮಗನೊಬ್ಬ ನಾಶಿಕದ ಅಂಬಡದಲ್ಲಿ ಮೋಟಾರಿನ ಸಾಮಾನು ಮಾಡುವ ಕಾರಖಾನೆಯಲ್ಲಿ ಇದ್ದಾನಂತೆ. ಕುಡಿಯುವುದಿಲ್ಲ, ಸೇದುವುದಿಲ್ಲ. ದೀಪಾವಳಿ ಆದ ಮೇಲೆ ಕರೆದುಕೊಂಡು ಬರುತ್ತೇನೆ ಅಂದಳು. ಇವರ ಮುಖ ದೀಪ ಹಚ್ಚಿದ ಹಾಗಾಯಿತು. "ಬರ್ಲಿ ಬರ್ಲಿ, ಚಳಿಗಾಲದಾಗ ನಾವೆಲ್ಲಾ ಇಲ್ಲೇ ಇರ್ತೀವಿ," ಅಂದರು.

ಮಗಳು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳು. ಇಳಿದು ಬಂದು ಎಲ್ಲರ ಮುಂದೆಯೇ ಕೇಳಿದಳು: "ಬಾಬಾ, ಮೀ ಜಾಊ ಕೀ ನಕೋ?" ನಾನು ಹೋಗಲೋ ಬೇಡವೋ ಅಂತ. ಅಷ್ಟು ನೇರವಾಗಿ ನಾನು ನಮ್ಮಪ್ಪನನ್ನು ಕೇಳಿರಲಿಲ್ಲ.

ಇವರು ಗಂಟಲು ಸರಿಮಾಡಿಕೊಂಡರು. "ಮೊದಲ ನಿನ್ನ ಜ್ವರ ಇಳೀಲಿ," ಅಂದರು.

"ಇಳದದ."

"ಪೂರಾ ಇಳೀಲಿ."

ಮಗಳು ತಿರುಗಿ ಮಾಳಿಗೆ ಹತ್ತಿದಳು. ವ್ಯಾಪಾರಿಯ ಹೆಂಡತಿ ಚಹಾ ಕುಡಿದು ಹೋದಳು. ತೆಂಗಿನಕಾಯಿ ತಿರುಗಿ ಒಯ್ಯಲಿಲ್ಲ, ಖಣವನ್ನು ಮಾತ್ರ ನೆನಪಿಟ್ಟು ಒಯ್ದಳು. ಕಾಯಿ ಒಡೆದು ಚಟ್ನಿ ಮಾಡಿದೆ.

ರವಿವಾರ ಬೆಳಿಗ್ಗೆ ಮೊಪೆಡ್ಡಿನ ಸದ್ದು ಕೇಳಿತು. ಮೇಡಂ ಬಂದಳು. ಬೂಟು ಬಾಗಿಲಲ್ಲಿ ಬಿಟ್ಟಳು, ಅಷ್ಟು ತಿಳಿವಳಿಕೆ ಇತ್ತು. ಡೇರೆಯನ್ನು ನಡುಮನೆಯಲ್ಲಿ ಬಿಚ್ಚಿಸಿ, ಮಂಡಿಯೂರಿ, ಹೊಲಿಗೆ ಹೊಲಿಗೆ ನೋಡಿದಳು. ವರ ನೋಡುವವರು ಹುಡುಗಿಯನ್ನೂ ಹಾಗೆ ನೋಡುವುದಿಲ್ಲ. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಅಡಿಗೆಮನೆಯಲ್ಲಿ ಚಹಾಕ್ಕಿಟ್ಟು ಕಿವಿ ಇತ್ತ ಇಟ್ಟಿದ್ದೆ. ಒಂದು ಚುಕ್ಕೆಯೂ ಇರಲಿಲ್ಲ. ನನ್ನ ಕೈಯಲ್ಲಿ ಹೋದ ವಸ್ತು ಅದು.

ಮೇಡಂ ಡೇರೆಯ ತುದಿಯನ್ನು ಮೂಗಿಗೆ ಹಿಡಿದಳು. ಹಿಡಿದವಳು ನಕ್ಕಳು. ಮರಾಠಿಗರಲ್ಲಿಯೂ ಆ ಪದ್ಧತಿ ಇದೆಯಲ್ಲ. "ಅಗ ಬಾಈ! ಇದು ಬಾಣಂತಿ ಕೋಣೆಯ ವಾಸನೆ! ಇದನ್ನು ಹೀಗೆ ಒಣಗಿಸಿದವರು ಯಾರು?" ಅಂತ ಮರಾಠಿಯಲ್ಲಿ ಕೇಳಿದಳು.

ನಾನು ಚಹಾದ ಬಸಿಗಳನ್ನು ಹಿಡಿದು ಹೊರಗೆ ಬರುತ್ತಿದ್ದೆ. ನಾನು ಬಾಯಿ ತೆಗೆಯುವ ಮೊದಲೇ ಯಜಮಾನರು ಕುರ್ಚಿಯಿಂದ ಮುಂದೆ ಸರಿದರು. ಅವರ ಮರಾಠಿ ಕಚೇರಿಯ ಮರಾಠಿ, ಇಸ್ತ್ರಿ ಮಾಡಿದ ಹಾಗೆ ಇರುತ್ತದೆ.

"ನಾವೇ," ಅಂದರು. "ಅದು ಹೀಗೆ ನೋಡಿ, ಬರೇ ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯುವುದಿಲ್ಲ. ಹೊಗೆ ಕೊಡಬೇಕು. ಆದರೆ ಶಾಖ ಹದವಾಗಿರಬೇಕು, ಇಲ್ಲದಿದ್ದರೆ ಮೇಣ ಕರಗುತ್ತದೆ. ನಾವು ಕೈಯ ಹಿಂಭಾಗ ಇಟ್ಟು ನೋಡುತ್ತಿದ್ದೆವು. ಸೋಡಾ ಅಂತೂ ಮುಟ್ಟಿಸಲೇಬಾರದು."

ಮಗಳು ನನ್ನ ಕಡೆ ನೋಡಿದಳು. ನಾನು ಕಣ್ಣಿನಲ್ಲೇ ಸುಮ್ಮನಿರು ಅಂದೆ. ಬಾವಿಗೆ ತಾನಾಗಿ ಇಳಿಯುವವನಿಗೆ ಹಗ್ಗ ಯಾಕೆ ಅಡ್ಡ ಹಿಡಿಯಬೇಕು?

ಮೇಡಂ ಕೈ ಜೋಡಿಸಿದಳು. "ಇಂಥ ತಂದೆ ಬೇಕು," ಅಂದಳು. "ಆ ಇನ್ನೊಬ್ಬ ಹುಡುಗಿಯ ತಂದೆ ಕಾಲೇಜಿಗೆ ಬಂದು ನನ್ನನ್ನು ಬೈದು ಹೋದರು. ಇಲ್ಲಿಯೂ ಏನಾಗುತ್ತದೋ ಅಂತ ಹೆದರಿಕೊಂಡೇ ಬಂದೆ. ಮನೆಯವರ ಒಪ್ಪಿಗೆ ಕೇಳಬೇಕೆಂದಿದ್ದೆ. ಕೇಳುವುದೇನು, ಈ ಡೇರೆಯೇ ಹೇಳುತ್ತದೆ. ಕಳಿಸುತ್ತೀರಲ್ಲ?"

ಮೋರಿಯ ಹತ್ತಿರ ಆ ಕಪ್ಪೆ ವಟಗುಟ್ಟಿತು. ಇಷ್ಟು ದಿನ ಇವರು ತಪ್ಪಿಸಿಕೊಂಡು ತಿರುಗಿದ ಮಾತು ಎದುರಿಗೆ ಬಂದು ಕೂತಿತ್ತು. ಬೇಡ ಅನ್ನುವುದಿದ್ದರೆ ಇದೇ ಹೊತ್ತು. ಅಂದಿದ್ದರೆ, ನಿಜ ಹೇಳುತ್ತೇನೆ, ನಾನು ಒಂದು ಮಾತೂ ಎದುರಾಡುತ್ತಿರಲಿಲ್ಲ. ಆದರೆ ಹೊಗಳಿಸಿಕೊಂಡ ಮುಖ ಅದು, ಇನ್ನೂ ಹೊಳೆಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಇವರಿಗೆ ಮನಸ್ಸಾಗಲಿಲ್ಲ.

"ಹೋ, ಹೋ," ಅಂತ ಮರಾಠಿಯಲ್ಲಿ ಹೂಂ ಅಂದರು. "ಕಾ ನಾಹೀ! ಯಾಕೆ ಕಳಿಸುವುದಿಲ್ಲ?"

ಮೇಡಂ ಮಗಳ ಬೆನ್ನು ತಟ್ಟಿದಳು. ರಿಕ್ಷಾ ಕರೆಸಿ ಡೇರೆ ಹೊರಿಸಿಕೊಂಡು ಹೋದಳು. ಅದರ ಹಿಂದೆ ಮೊಪೆಡ್ಡು. ಓಣಿಯ ತುದಿಯವರೆಗೆ ಲೋಬಾನದ ವಾಸನೆ ಹೋಯಿತು.

ಬಾಗಿಲು ಮುಚ್ಚಿದ ಮೇಲೆ ಇವರು ನನ್ನ ಹಿಂದೆ ಅಡಿಗೆಮನೆಗೆ ಬಂದರು.

"ನಾ ಏನ್ ಖರೇನ ಹೂಂ ಅಂದಿಲ್ಲ. ಮನೀಗಿ ಬಂದವ್ರ ಮುಂದ ಹಂಗ ಅನ್ನಬೇಕಾಗ್ತದ."

"ಹೊರಗ ನಿಂತಾಳ. ಹೋಗಿ ಅಕೀಗಿ ಹೇಳ್ರಿ, ಖರೇ ಅಲ್ಲ ಅಂತ."

ಇವರು ಹೊರಗೆ ಹೋದರು. ನಾನು ಕಿವಿಗೊಟ್ಟೆ. ಮಗಳು ನೆಲದ ಮೇಲಿನ ಕೆಸರು ಒರೆಸುತ್ತಿದ್ದಳು. "ಸ್ವೆಟರ್ ಅದ ಏನ ನಿನ್ನ ಹತ್ರ?" ಅಂದರು. ಅಷ್ಟೇ ಬಂತು ಆ ಬಾಯಿಂದ.

ದೀಪಾವಳಿ ಆಯಿತು. ಅಂಬಡದ ಹುಡುಗ ಬಂದು ಚುರುಮುರಿ ತಿಂದು ಹೋದ. ಹುಡುಗಿ ಮನೆಯಲ್ಲಿರಲಿಲ್ಲ. ಇವರು ಕಚೇರಿಯಲ್ಲಿ ಎಲ್ಲರಿಗೂ ಮಗಳನ್ನು ಹಿಮಾಲಯಕ್ಕೆ ತಾವೇ ಕಳಿಸಿದ್ದು ಅಂತ ಹೇಳುತ್ತಿದ್ದರಂತೆ, ಅದನ್ನೂ ನಾನು ಬೇರೆಯವರಿಂದ ಕೇಳಿದೆ. ಹೇಳಿಕೊಳ್ಳಲಿ. ಗಂಡಸರ ಹೆಸರು ಹೀಗೇ ಆಗುವುದು.

ಅವಳು ಮೂಗಿನ ತೊಗಲು ಸುಲಿಸಿಕೊಂಡು, ತುಟಿ ಒಡೆಸಿಕೊಂಡು ಬಂದಳು. ಮಜಾ ಬಂತು ಅಂದಳು. ಹೆಗಲಿನಿಂದ ಒಂದು ದೊಡ್ಡ ಚೀಲ ಇಳಿಸಿ ಮೆಟ್ಟಿಲ ಮೇಲೆ ಇಟ್ಟಳು. ಚೀಲದ ಬುಡದಿಂದ ನೀರು ಹರಿದು ಮೋರಿಗೆ ಹೋಯಿತು.

"ಏನವ್ವಾ ಅದು?"

"ಮಲಗೋ ಚೀಲಾ, ಆಯಿ. ಜರಾ ಒದ್ದಿ ಆಗ್ಯದ."

"ಬುಟ್ಟಿ ಅಟ್ಟದ ಮ್ಯಾಲ ಅದ. ಇದ್ದಲ ನೀನ ತಗೊಂಬಾ," ಅಂತ ಹೇಳಿ ನಾನು ಒಳಗೆ ಹೋಗಿ ಮಲಗಿದೆ.